ಅಶೋಕ ರಸ್ತೆಯ ಹಿಂದಿನ ಗಲ್ಲಿಯಲ್ಲಿ ನಾಲ್ಕು ವಾರದ ಬೆಳ್ಳಿ ಕೆಲಸ: ಕೋರ್ಸ್ ಹೇಗಿದೆ, ಯಾರಿಗೆ ಒದಗುತ್ತದೆ

ಬೆಳ್ಳಿ ಒಡವೆ ಮಾಡುವುದನ್ನು ನಾಲ್ಕು ವಾರದಲ್ಲಿ ಕಲಿಸುತ್ತೇವೆ ಎನ್ನುವ ಕಡೆ ಹಣ ಕಟ್ಟುವ ಮೊದಲು ಒಂದು ಮಾತು ಕೇಳಿ: ದಿನಕ್ಕೆ ಎಷ್ಟು ಹೊತ್ತು ಬೆಂಕಿ ಕಲಿಯುವವರ ಕೈಯಲ್ಲಿರುತ್ತದೆ? ಗರಗಸ ಎಳೆಯುವುದನ್ನು, ಅರ ಹಾಕುವುದನ್ನು ಊರಿಗೆ ಹೋಗಿ ಒಬ್ಬರೇ ಕೂತು ತಿದ್ದಿಕೊಳ್ಳಬಹುದು. ಬೆಸುಗೆ ಹಾಗಲ್ಲ. ಕಾವು ಏರುತ್ತಿರುವಾಗ ಬಲ್ಲವರೊಬ್ಬರು ಪಕ್ಕದಲ್ಲಿ ನಿಂತು 'ಈಗ ತೆಗೀರಿ' ಎಂದು ಹೇಳದಿದ್ದರೆ ಅದು ಕೈಗೆ ಹತ್ತುವುದು ಬಹಳ ತಡ, ಅಷ್ಟರಲ್ಲಿ ಬೆಳ್ಳಿಯೂ ಸಾಕಷ್ಟು ಕರಗಿ ಹೋಗಿರುತ್ತದೆ. ಮೈಸೂರಿನ ಅಶೋಕ ರಸ್ತೆಯ ಹಿಂದಿನ ಗಲ್ಲಿಯೊಂದರಲ್ಲಿ, ಮಹಡಿಯ ಮೇಲೆ ನಡೆಯುವ ಈ ಕೋರ್ಸ್ ಬೆಸುಗೆಯ ವಿಷಯದಲ್ಲಿ ಬಹಳ ಚೆನ್ನಾಗಿದೆ. ಕಲ್ಲು ಕೂರಿಸುವುದರಲ್ಲಿ ಸೊರಗಿದೆ. ಕೊರತೆಗಳನ್ನೂ ಬಿಡದೆ ಬರೆಯುತ್ತಿರುವುದರಿಂದ ಕಾರ್ಯಾಗಾರದ ಹೆಸರು ಹಾಕಿಲ್ಲ. ಬೇರೆ ಕಡೆ ವಿಚಾರಿಸುವವರೂ ಇಲ್ಲಿ ಹೇಳಿರುವುದನ್ನೇ ಅಳತೆಗೋಲಾಗಿ ಹಿಡಿಯಬಹುದು.

ಸೋಮವಾರದಿಂದ ಶನಿವಾರ, ಬೆಳಿಗ್ಗೆ 10ರಿಂದ ಸಂಜೆ 5. ನಡುವೆ ಊಟಕ್ಕೆ ಒಂದು ಗಂಟೆ. ಅಮಾವಾಸ್ಯೆಯ ದಿನ ಬೆಂಚು ಮುಟ್ಟುವುದಿಲ್ಲ. ಹಾಗಾಗಿ 24 ದಿನ ಎಂದು ಹೇಳಿದರೂ ಕೈಗೆ ಸಿಗುವುದು 23 ದಿನ, ಅಂದರೆ 138 ಗಂಟೆ. ಒಂದು ತಂಡಕ್ಕೆ ಎಂಟು ಜನ, ಬೆಸುಗೆಗೆ ಬೆಂಕಿ ಹಿಡಿಯುವ ಗ್ಯಾಸ್ ಟಾರ್ಚ್ ನಾಲ್ಕು. ಈ ಲೆಕ್ಕವೇ ಮುಖ್ಯ. ಎಂಟು ಜನರಿಗೆ ಎರಡೇ ಟಾರ್ಚ್ ಇರುವ ಕಡೆ ಅರ್ಧ ದಿನ ಸರದಿ ಕಾಯುವುದರಲ್ಲೇ ಕಳೆಯುತ್ತದೆ, ಕಾದು ಕಾದು ಅವಸರದಲ್ಲಿ ಹಾಕಿದ ಬೆಸುಗೆ ಕೆಡುತ್ತದೆ. ಇಲ್ಲಿ ಇಬ್ಬರಿಗೊಂದು ಟಾರ್ಚ್. ಒಬ್ಬರು ಅರ ಹಾಕುವಾಗ ಇನ್ನೊಬ್ಬರು ಬೆಂಕಿ ಹಿಡಿಯುತ್ತಾರೆ. ಕಲಿಸುವವರು ಇಬ್ಬರು ಆಚಾರ್ರು. ಅವರಲ್ಲೊಬ್ಬರು ದಿನವಿಡೀ ಬೆಂಚುಗಳ ಮಧ್ಯೆಯೇ ಓಡಾಡುತ್ತಿರುತ್ತಾರೆ.

ಯಾವ ತಿಂಗಳಲ್ಲಿ ಸೇರುತ್ತೀರಿ ಎಂಬುದರ ಮೇಲೂ ಕಲಿಕೆ ನಿಂತಿದೆ. ಆಷಾಢ, ಸಾಮಾನ್ಯವಾಗಿ ಜೂನ್ ಕೊನೆಯಿಂದ ಜುಲೈವರೆಗೆ, ಒಳ್ಳೆಯ ಕಾಲ. ಮದುವೆಗಳಿಲ್ಲ, ಅಂಗಡಿಗಳಲ್ಲಿ ಆರ್ಡರ್ ಕಡಿಮೆ, ಆಚಾರ್ರಿಗೆ ಬಿಡುವಿರುತ್ತದೆ, ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದರೂ ಮೂರು ಸಲವೂ ಮಾಡಿ ತೋರಿಸುತ್ತಾರೆ. ಶ್ರಾವಣ ಬಂದು ವರಮಹಾಲಕ್ಷ್ಮಿ ಹತ್ತಿರವಾಯಿತೆಂದರೆ ಬೆಳ್ಳಿ ಕೆಲಸದವರಿಗೆ ಉಸಿರಾಡಲೂ ಪುರಸೊತ್ತಿಲ್ಲ. ಅಕ್ಷಯ ತೃತೀಯದ ಮುಂಚಿನ ವಾರಗಳೂ ಹಾಗೆಯೇ. ನವರಾತ್ರಿಯಲ್ಲಂತೂ ಸೇರಲೇಬೇಡಿ. ಆಯುಧಪೂಜೆಗೆ ಸಲಕರಣೆಗಳೆಲ್ಲ ಪೂಜೆಗೆ ಕೂರುತ್ತವೆ, ಜಂಬೂಸವಾರಿಯ ದಿನ ಅರಮನೆ ಸುತ್ತಿನ ರಸ್ತೆಗಳು ಬಂದ್, ಲಾಡ್ಜ್ ಬಾಡಿಗೆಯೂ ಏರಿರುತ್ತದೆ.

ಊರು ಹೊಸದಾದವರಿಗೆ ದಾರಿ ಕಷ್ಟವಿಲ್ಲ. ಸಬರ್ಬನ್ ಬಸ್ ನಿಲ್ದಾಣದಿಂದ ಅಶೋಕ ರಸ್ತೆಗೆ ನಡೆದೇ ಹೋಗಬಹುದು. ದೊಡ್ಡ ಗಡಿಯಾರವನ್ನು ಗುರುತಿಟ್ಟುಕೊಂಡು ಸೇಂಟ್ ಫಿಲೋಮಿನಾ ಚರ್ಚಿನ ದಿಕ್ಕಿಗೆ ಸಾಗಿದರೆ ಚಿನ್ನ ಬೆಳ್ಳಿ ಅಂಗಡಿಗಳ ಸಾಲು ಸಿಗುತ್ತದೆ. ಗಾಂಧಿ ಚೌಕದ ಆಸುಪಾಸಿನ ಲಾಡ್ಜುಗಳು ಹತ್ತಿರವೇ, ಆದರೆ ತಿಂಗಳಿಗೆ ದುಬಾರಿ. ಸರಸ್ವತೀಪುರಂ ಅಥವಾ ಕುವೆಂಪುನಗರದಲ್ಲಿ ಪಿಜಿ ಹಿಡಿದು ಸಿಟಿ ಬಸ್ಸಿನಲ್ಲಿ ಓಡಾಡುವುದು ಲೇಸು. ಪಿಜಿ ನೋಡುವಾಗ ನೆಲಮಹಡಿಯ ರೂಮನ್ನೇ ಕೇಳಿ, ಕಾರಣ ಕೊನೆಯಲ್ಲಿ ಬರುತ್ತದೆ.

ಮೊದಲ ವಾರ ಬೆಳ್ಳಿ ಕೊಡುವುದಿಲ್ಲ. ತಾಮ್ರ, ಹಿತ್ತಾಳೆ ಮಾತ್ರ. ಕೆಲವರಿಗೆ ಇದು ಬೇಸರ ತರುತ್ತದೆ, ಆದರೆ ಕ್ರಮ ಸರಿಯಾಗಿಯೇ ಇದೆ. ತಾಮ್ರ 1085 ಡಿಗ್ರಿವರೆಗೆ ಕರಗುವುದಿಲ್ಲ, ತಪ್ಪು ತಡೆದುಕೊಳ್ಳುತ್ತದೆ, ಕೆಟ್ಟರೂ ನಷ್ಟ ಕಡಿಮೆ. 0.9 ಮಿಲಿಮೀಟರ್ ತಗಡಿನ ಮೇಲೆ ಗೆರೆ ಎಳೆದು 2/0 ನಂಬರಿನ ಗರಗಸದೆಲೆಯಲ್ಲಿ ಕೊಯ್ಯುವುದರಿಂದ ಪಾಠ ಶುರು. ಎಲೆಯ ಹಲ್ಲು ಹಿಡಿಯ ಕಡೆಗೆ, ಕೆಳಮುಖವಾಗಿರಬೇಕು. ಕೊಯ್ಯುವುದು ಕೆಳಗೆ ಎಳೆಯುವಾಗ ಮಾತ್ರ. ಮೇಲೆ ಹೋಗುವಾಗ ಭಾರ ಬಿಡಬಾರದು. ಎಲೆಯನ್ನು ಬಿಗಿದ ಮೇಲೆ ಉಗುರಿನಿಂದ ಮೀಟಿದರೆ ಟಿಂಗ್ ಎನ್ನಬೇಕು, ಸದ್ದು ಮಂಕಾಗಿದ್ದರೆ ಬಿಗಿ ಸಾಲದು. ಎಲೆ ಮುರಿಯುವುದಕ್ಕೆ ಮೂರೇ ಕಾರಣ: ಬಿಗಿ ಕಡಿಮೆ, ಮುಂದಕ್ಕೆ ಒತ್ತಿದ್ದು, ತಿರುವಿನಲ್ಲಿ ಮೇಲೆ ಕೆಳಗೆ ಆಡಿಸುವುದನ್ನು ನಿಲ್ಲಿಸಿ ತಿರುಗಿಸಿದ್ದು. ತಿರುಗಿಸುವಾಗ ನಿಂತಲ್ಲೇ ಎಲೆಯನ್ನು ಆಡಿಸುತ್ತಾ ನಿಧಾನಕ್ಕೆ ತಗಡನ್ನು ತಿರುಗಿಸಬೇಕು. ಮೊದಲ ವಾರ ದಿನಕ್ಕೆ ಒಂದು ಡಜನ್ ಎಲೆ ಮುರಿದರೂ ಆಚಾರ್ರು ಬೈಯುವುದಿಲ್ಲ. ಎಲೆಗಳ ಖರ್ಚು ಶುಲ್ಕದಲ್ಲೇ ಸೇರಿದೆ, ಇದು ದೊಡ್ಡ ಅನುಕೂಲ.

ತಗಡಿನ ದಪ್ಪ ಹೇಳುವ ಗೇಜ್ ನಂಬರಿನ ಗೊಂದಲವನ್ನು ಇಲ್ಲಿ ಎರಡನೆಯ ದಿನವೇ ಬಿಡಿಸಿ ಹೇಳುತ್ತಾರೆ. ನಮ್ಮ ಅಂಗಡಿಗಳಲ್ಲಿ 20 ಗೇಜ್ ಎಂದರೆ ಬ್ರಿಟಿಷ್ ಅಳತೆ, 0.91 ಮಿಲಿಮೀಟರ್. ಅಮೆರಿಕದ ವಿಡಿಯೊಗಳಲ್ಲಿ ಅದೇ 20 ಗೇಜ್ 0.81 ಮಿಲಿಮೀಟರ್. ಉಂಗುರಕ್ಕೆ ಈ ವ್ಯತ್ಯಾಸ ಸಾಕು, ಅಳತೆ ತಪ್ಪುತ್ತದೆ. ಗೇಜ್ ಬಿಟ್ಟು ಮಿಲಿಮೀಟರಿನಲ್ಲೇ ಬರೆದುಕೊಳ್ಳುವ ಅಭ್ಯಾಸ ಮಾಡಿಸುವುದು ಈ ಕೋರ್ಸಿನ ಒಂದು ಒಳ್ಳೆಯ ಗುಣ. ಆದರೆ ಅಚ್ಚಾದ ಟಿಪ್ಪಣಿ ಒಂದು ಹಾಳೆಯೂ ಇಲ್ಲ. ಹೇಳಿದ್ದನ್ನೆಲ್ಲ ನೀವೇ ಬರೆದುಕೊಳ್ಳಬೇಕು, ಕೈ ಮಸಿಯಾಗಿರುವಾಗ ಅದು ಸುಲಭವಲ್ಲ. ಗಟ್ಟಿ ರಟ್ಟಿನ ನೋಟ್ ಪುಸ್ತಕ, ಪೆನ್ಸಿಲ್ ಒಯ್ಯಿರಿ.

ಇನ್ನು ಬೆಂಕಿ. ಎಲ್‌ಪಿಜಿ ಟಾರ್ಚಿಗೆ ಗಾಳಿ ಕೊಡುವುದು ಬಾಯಿಂದ. ಪಂಪಿನ ಟಾರ್ಚ್ ಮೂಲೆಯಲ್ಲೇ ಇದ್ದರೂ ಮೂರನೆಯ ವಾರದವರೆಗೆ ಅದನ್ನು ಮುಟ್ಟಲು ಬಿಡುವುದಿಲ್ಲ. ಇದು ಹಟವಲ್ಲ. ಬಾಯಲ್ಲಿ ಊದುವವರಿಗೆ ಜ್ವಾಲೆಯನ್ನು ಒಂದು ಕ್ಷಣದಲ್ಲಿ ಮೆದುವಾಗಿಸಲು, ಮೊನೆಯಾಗಿಸಲು ಬರುತ್ತದೆ. ಸಣ್ಣ ಕೊಂಡಿಯ ಬೆಸುಗೆಗೆ ಅದೇ ಬೇಕಾದದ್ದು. ಕೆನ್ನೆಯಲ್ಲಿ ಗಾಳಿ ತುಂಬಿಟ್ಟುಕೊಂಡು, ಮೂಗಿನಿಂದ ಉಸಿರೆಳೆಯುತ್ತಾ ಕೆನ್ನೆಯಿಂದಲೇ ಊದಬೇಕು. ಮೊದಲ ಎರಡು ಮೂರು ದಿನ ದವಡೆ ನೋಯುತ್ತದೆ, ತಲೆ ಹಗುರವಾದಂತಾಗುತ್ತದೆ; ಎದೆಯಿಂದ ಊದುತ್ತಿದ್ದೀರಿ ಎಂದು ಅದರ ಅರ್ಥ. ಉಸಿರಿನ ತೊಂದರೆ ಇರುವವರು ಸೇರುವಾಗಲೇ ಹೇಳಿಬಿಡಿ, ಅಂಥವರಿಗೆ ಪಂಪ್ ಕೊಡುತ್ತಾರೆ.

ಬೆಂಕಿಯ ಮೊದಲ ಪಾಠ ಲೋಹವನ್ನು ಕಾಯಿಸಿ ಮೆತ್ತಗೆ ಮಾಡುವುದು. ಬಡಿದಂತೆ, ಬಗ್ಗಿಸಿದಂತೆ ಬೆಳ್ಳಿ ಗಟ್ಟಿಯಾಗುತ್ತದೆ, ಇನ್ನೂ ಬಡಿದರೆ ಅಂಚಿನಲ್ಲಿ ಬಿರಿಯುತ್ತದೆ. 925 ಬೆಳ್ಳಿಯನ್ನು (ಸಾವಿರ ಪಾಲಿನಲ್ಲಿ 925 ಬೆಳ್ಳಿ, ಉಳಿದದ್ದು ತಾಮ್ರ) ಸುಮಾರು 600ರಿಂದ 650 ಡಿಗ್ರಿಗೆ ಕಾಯಿಸಿದರೆ ಮತ್ತೆ ಮೆದುವಾಗುತ್ತದೆ. ಅಷ್ಟು ಕಾವು ಬಂದಿದೆ ಎಂದು ಗೊತ್ತಾಗುವುದು ಕಣ್ಣಿನಿಂದ: ಮಬ್ಬು ಬೆಳಕಿನಲ್ಲಿ ನೋಡಿದರೆ ಬೆಳ್ಳಿ ಮಂದ ಕೆಂಪಿಗೆ ತಿರುಗಿರುತ್ತದೆ. ಬಿಸಿಲಲ್ಲಿ ಕೂತು ಕಾಯಿಸಿದರೆ ಆ ಕೆಂಪು ಕಾಣುವುದೇ ಇಲ್ಲ. ಕಂಡಾಗ ಕಾವು ಮಿತಿ ಮೀರಿರುತ್ತದೆ. ಅದಕ್ಕೇ ಬೆಸುಗೆ ಬೆಂಚುಗಳು ಕಿಟಕಿಯಿಂದ ದೂರ, ಕತ್ತಲೆ ಮೂಲೆಯಲ್ಲಿವೆ. ಹೊರಗಿನಿಂದ ಬಂದವರಿಗೆ ಅದು ಗೂಡಿನಂತೆ ಕಂಡೀತು, ಆದರೆ ಇರಬೇಕಾದದ್ದೇ ಹಾಗೆ. ಕೆಂಪು ಆರಿದ ಮೇಲೆಯೇ ನೀರಿಗೆ ಹಾಕಬೇಕು. ಕೆಂಪಿದ್ದಾಗಲೇ ಅದ್ದಿದರೆ ತೆಳು ತಗಡು ಸೊಟ್ಟಗಾಗುತ್ತದೆ.

ಎರಡನೆಯ ವಾರ ಪೂರ್ತಿ ಬೆಸುಗೆ. ಕೊಟ್ಟ ಹಣ ಸಾರ್ಥಕವಾಗುವುದು ಈ ವಾರದಲ್ಲಿ. ಮೊದಲ ಕೆಲಸ ಸಾದಾ ಉಂಗುರ. ಒಳವ್ಯಾಸಕ್ಕೆ ತಗಡಿನ ದಪ್ಪ ಕೂಡಿಸಿ 3.14ರಿಂದ ಗುಣಿಸಬೇಕು: ಒಳವ್ಯಾಸ 17, ದಪ್ಪ 1.5 ಇದ್ದರೆ ಪಟ್ಟಿಯ ಉದ್ದ 58.1 ಮಿಲಿಮೀಟರ್. 59ಕ್ಕೆ ಕತ್ತರಿಸಿ, ಅರ ಹಾಕಿ ಇಳಿಸಬೇಕು. ದಪ್ಪವನ್ನು ಕೂಡಿಸಲು ಮರೆತವರ ಉಂಗುರ ಬೆರಳಿಗೆ ಹತ್ತುವುದಿಲ್ಲ. ನಮ್ಮ ಅಂಗಡಿಗಳ ಉಂಗುರದ ನಂಬರಿಗೂ ಒಂದು ಸುಲಭ ಲೆಕ್ಕವಿದೆ: ಒಳಸುತ್ತಳತೆ ಎಷ್ಟು ಮಿಲಿಮೀಟರೋ ಅದರಲ್ಲಿ 40 ಕಳೆದರೆ ಹೆಚ್ಚುಕಡಿಮೆ ನಂಬರು ಸಿಗುತ್ತದೆ. 54 ಮಿಲಿಮೀಟರಿಗೆ 14ನೇ ನಂಬರು.

ಪಟ್ಟಿಯ ಎರಡು ತುದಿ ಸೇರುವಲ್ಲಿ ಬೆಳಕು ತೂರಬಾರದು. ಉಂಗುರವನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ, ಕೂದಲೆಳೆಯಷ್ಟು ಬೆಳಕು ಬಂದರೂ ಆಚಾರ್ರು ವಾಪಸ್ ಕಳಿಸುತ್ತಾರೆ. ಬೆಸುಗೆ, ಅಂದರೆ ಒಡವೆಗಿಂತ ಮೊದಲೇ ಕರಗಿ ಜೋಡಿಸುವ ಲೋಹ, ಸಂದು ತುಂಬುವುದಿಲ್ಲ, ಅಂಟಿಕೊಂಡಿರುವ ಎರಡು ಅಂಚುಗಳ ನಡುವೆ ಹರಿಯುತ್ತದೆ ಅಷ್ಟೇ. ಜೋಡಿಸಿದ ಮೇಲೆ ಬಿಳಿಗಾರವನ್ನು (ಬೊರಾಕ್ಸ್) ಕಲ್ಲಿನ ಮೇಲೆ ನೀರಲ್ಲಿ ತೇಯ್ದು ಹಾಲಿನ ಹದಕ್ಕೆ ತಂದು, ಸಂದಿಗೆ ಒಳಗೂ ಹೊರಗೂ ಹಚ್ಚಬೇಕು. ಒಂದು ಮಿಲಿಮೀಟರ್ ಚೌಕದ ಎರಡು ಬೆಸುಗೆ ತುಂಡುಗಳನ್ನು ಒಳಗಡೆಯಿಂದ ಸಂದಿಗೆ ತಾಗುವಂತೆ ಇಡಬೇಕು. ಮೊದಲು ಜ್ವಾಲೆಯನ್ನು ದೂರದಿಂದ ಆಡಿಸಿ: ಬಿಳಿಗಾರ ಉಬ್ಬಿ ನೊರೆಯಾಗಿ ಮತ್ತೆ ಕುಸಿಯುತ್ತದೆ. ಈ ಹಂತದಲ್ಲಿ ಅವಸರ ಮಾಡಿದರೆ ಉಬ್ಬಿದ ಬಿಳಿಗಾರ ತುಂಡನ್ನೇ ಎತ್ತಿ ಆಚೆ ಎಸೆಯುತ್ತದೆ. ಅದು ಗಾಜಿನಂತೆ ತಿಳಿಯಾದ ಮೇಲೆ ಕಾವು ಏರಿಸಿ, ಮೊದಲು ಸಂದಿಯ ಎದುರು ಭಾಗಕ್ಕೆ, ಆಮೇಲೆ ಇಡೀ ಉಂಗುರಕ್ಕೆ, ಕೊನೆಗೆ ಸಂದಿಗೆ. ಬೆಸುಗೆ ಹರಿದಾಗ ಸಂದಿಯುದ್ದಕ್ಕೂ ಪಾದರಸದಂಥ ಒಂದು ಗೆರೆ ಮಿಂಚುತ್ತದೆ. ಕಂಡ ಕೂಡಲೇ ಜ್ವಾಲೆ ತೆಗೆಯಬೇಕು.

ಯಾಕೆ ಇಷ್ಟು ಚುರುಕು ಬೇಕು ಎಂಬುದನ್ನು ಇಲ್ಲಿ ಅಂಕಿ ಕೊಟ್ಟೇ ವಿವರಿಸುತ್ತಾರೆ, ಅದು ಮೆಚ್ಚಬೇಕಾದದ್ದು. ಅಪ್ಪಟ ಬೆಳ್ಳಿ ಕರಗುವುದು 962 ಡಿಗ್ರಿಯಲ್ಲಿ, ಆದರೆ ತಾಮ್ರ ಬೆರೆತ 925 ಬೆಳ್ಳಿ ಸುಮಾರು 802 ಡಿಗ್ರಿಗೇ ಕರಗಲು ಶುರುಮಾಡುತ್ತದೆ. ಬೆಸುಗೆಯಲ್ಲಿ ಮೂರು ಬಗೆ: ಹಾರ್ಡ್ ಸುಮಾರು 770, ಮೀಡಿಯಂ 740, ಈಸಿ 710ರ ಆಸುಪಾಸಿನಲ್ಲಿ ಹರಿಯುತ್ತದೆ. ತಯಾರಕರಿಂದ ತಯಾರಕರಿಗೆ ಒಂದಿಷ್ಟು ವ್ಯತ್ಯಾಸವಿದೆ. ಅಂದರೆ ಹಾರ್ಡ್ ಬೆಸುಗೆ ಹರಿಯುವುದಕ್ಕೂ ಉಂಗುರ ಕುಸಿಯುವುದಕ್ಕೂ ನಡುವೆ ಅಂತರ ತೀರ ಕಡಿಮೆ. ಒಂದೇ ಒಡವೆಯಲ್ಲಿ ಮೂರು ಕಡೆ ಬೆಸುಗೆ ಬೇಕಾದರೆ ಮೊದಲು ಹಾರ್ಡ್, ಆಮೇಲೆ ಮೀಡಿಯಂ, ಕೊನೆಗೆ ಈಸಿ. ಈ ಕ್ರಮ ತಿರುಗುಮುರುಗಾದರೆ ಎರಡನೆಯದನ್ನು ಹಾಕುವಾಗ ಮೊದಲನೆಯದು ಬಿಚ್ಚಿಕೊಳ್ಳುತ್ತದೆ.

ತಪ್ಪುಗಳನ್ನು ಓದುವುದನ್ನೂ ಕಲಿಸುತ್ತಾರೆ. ಬೆಸುಗೆ ಹರಿಯದೆ ಗುಂಡಾಗಿ ಕೂತರೆ ಲೋಹ ಕೊಳೆಯಾಗಿದೆ, ಇಲ್ಲವೇ ಜ್ವಾಲೆ ತುಂಡಿನ ಮೇಲೆ ಬಿದ್ದಿದೆಯೇ ಹೊರತು ಉಂಗುರ ಕಾದಿಲ್ಲ. ಒಂದೇ ಬದಿಗೆ ಓಡಿಹೋದರೆ ಆ ಬದಿ ಹೆಚ್ಚು ಬಿಸಿ. ಬೆಸುಗೆ ಯಾವಾಗಲೂ ಕಾವಿನ ಕಡೆಗೇ ಓಡುತ್ತದೆ. ದಪ್ಪ ತಗಡಿಗೆ ತೆಳು ತಂತಿ ಹಚ್ಚುವಾಗ ಜ್ವಾಲೆ ತಗಡಿನ ಮೇಲಿರಬೇಕು, ತಂತಿಯ ಮೇಲಲ್ಲ. ಕೆಂಪು ನೇರಳೆ ಕಲೆಗಳು ಉಳಿದರೆ ಒಳಗಿನ ತಾಮ್ರ ಸುಟ್ಟಿದೆ ಎಂದರ್ಥ, ಅವು ಆಸಿಡ್ ನೀರಿಗೆ ಹೋಗುವುದಿಲ್ಲ, ಎಮರಿಯಲ್ಲಿ ಉಜ್ಜಿಯೇ ತೆಗೆಯಬೇಕು. ಬೋರಿಕ್ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕಲಸಿ ಒಡವೆಗೆ ಸವರಿ ಸ್ಪಿರಿಟ್ ಉರಿಸಿದರೆ ಬಿಳಿ ಪೊರೆ ನಿಂತು ಈ ಕಲೆ ತಪ್ಪುತ್ತದೆ. ಸ್ಪಿರಿಟ್ ಬಾಟಲಿಯನ್ನು ಮುಚ್ಚಿ ದೂರ ಇಟ್ಟ ಮೇಲೆಯೇ ಬೆಂಕಿ ತಾಗಿಸುವುದು, ಇದನ್ನು ಮರೆಯಬಾರದು.

ಬೆಸುಗೆಯ ನಂತರದ ತೊಳೆತಕ್ಕೆ ಹಿಂದೆ ಹುಣಸೆಹುಳಿ ಬಳಸುತ್ತಿದ್ದರು, ಈಗ ಹತ್ತರಲ್ಲೊಂದು ಪಾಲಿನ ಗಂಧಕಾಮ್ಲದ ಬಿಸಿ ನೀರು. ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹಾಕಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಅದರೊಳಗೆ ಕಬ್ಬಿಣದ ಚಿಮಟ ಇಳಿಸಬಾರದು. ಇಳಿಸಿದರೆ ನೀರಲ್ಲಿ ಕರಗಿರುವ ತಾಮ್ರವೆಲ್ಲ ಬೆಳ್ಳಿಯ ಮೇಲೆ ಕೂತು ಒಡವೆ ಕೆಂಪಾಗುತ್ತದೆ. ತಾಮ್ರ ಅಥವಾ ಹಿತ್ತಾಳೆಯ ಚಿಮಟವೇ ಆಗಬೇಕು. ಕಟ್ಟುವುದಕ್ಕೆ ಬಳಸಿದ ಕಬ್ಬಿಣದ ತಂತಿಯನ್ನೂ ಮೊದಲೇ ಬಿಚ್ಚಬೇಕು.

ಕ್ಯಾಡ್ಮಿಯಂ ಇರುವ ಬೆಸುಗೆಯನ್ನು ಈ ಕಾರ್ಯಾಗಾರ ಒಳಗೇ ಬಿಡುವುದಿಲ್ಲ. ಒಂದು ಕಾಲಕ್ಕೆ ಕೆಡಿಎಂ ಒಡವೆ ಎಂದು ಮಾರುತ್ತಿದ್ದುದು ಇದೇ ಬೆಸುಗೆಯದು. ಕ್ಯಾಡ್ಮಿಯಂ 767 ಡಿಗ್ರಿಗೆ ಕುದಿದು ಹೊಗೆಯಾಗುತ್ತದೆ, ಅಂದರೆ ನಾವು ಬೆಸುಗೆ ಹಾಕುವ ಕಾವಿನಲ್ಲೇ. ಆ ಹೊಗೆ ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ ವಿಷ. ಬೇರೆ ಕಡೆ ಸೇರುವವರು ಇದನ್ನು ಬಾಯಿಬಿಟ್ಟು ಕೇಳಿ: ನಿಮ್ಮ ಬೆಸುಗೆಯಲ್ಲಿ ಕ್ಯಾಡ್ಮಿಯಂ ಇದೆಯಾ? ಉತ್ತರ ತಡವರಿಸಿದರೆ ಅಲ್ಲಿ ಸೇರಬೇಡಿ.

ಗಾಳಿಯ ವ್ಯವಸ್ಥೆ ಮಾತ್ರ ಇಲ್ಲಿ ಸಾಲದು. ಎಕ್ಸಾಸ್ಟ್ ಫ್ಯಾನ್ ಒಂದೇ, ಅದೂ ಬೆಸುಗೆ ಬೆಂಚಿನಿಂದ ದೂರ. ನಾಲ್ಕೂ ಟಾರ್ಚ್ ಹೊತ್ತಿದಾಗ ಬಿಳಿಗಾರದ ಹೊಗೆ ತಲೆಯ ಮೇಲೆ ನಿಲ್ಲುತ್ತದೆ. ಸಿಲಿಂಡರ್ ಹೊರಗಿನ ಮೆಟ್ಟಿಲ ಬಳಿ ಇಟ್ಟಿರುವುದು ಸರಿಯಾದ ಕೆಲಸ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ತಂಗುತ್ತದೆ. ಪ್ರತಿ ಸೋಮವಾರ ಕೊಳವೆಯ ಸಂದಿಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡುತ್ತಾರೆ.

ಲೋಹದ ಲೆಕ್ಕ ಪ್ರತ್ಯೇಕ. ಎರಡನೆಯ ವಾರದಿಂದ ಬಳಸುವ ಬೆಳ್ಳಿಯನ್ನು ಅವತ್ತಿನ ದರದಲ್ಲಿ ನೀವೇ ಕೊಳ್ಳಬೇಕು. ಎಷ್ಟು ಬೇಕಾದೀತು ಎಂದು ಮೊದಲೇ ಅಂದಾಜು ಮಾಡಬಹುದು: 925 ಬೆಳ್ಳಿಯ ಸಾಂದ್ರತೆ 10.36, ಆದ್ದರಿಂದ 5 ಸೆಂಟಿಮೀಟರ್ ಚೌಕದ 1 ಮಿಲಿಮೀಟರ್ ತಗಡು ಸುಮಾರು 26 ಗ್ರಾಂ. ಅಪ್ಪಟ ಬೆಳ್ಳಿ ತಂದು ತಾವೇ ಬೆರೆಸುವವರಿಗೆ 100 ಗ್ರಾಂ 999 ಬೆಳ್ಳಿಗೆ 8 ಗ್ರಾಂ ತಾಮ್ರ. ಇಡೀ ಕೋರ್ಸಿಗೆ 80ರಿಂದ 100 ಗ್ರಾಂ ಇದ್ದರೆ ಧಾರಾಳ. ಆದರೆ ಅರದ ಪುಡಿಯ ವಿಷಯದಲ್ಲಿ ಇಲ್ಲಿ ಲೆಕ್ಕ ಸಡಿಲ. ಎಂಟು ಜನರ ಪುಡಿ ಒಂದೇ ತಟ್ಟೆಗೆ ಬೀಳುತ್ತದೆ, ಅದು ಕಾರ್ಯಾಗಾರಕ್ಕೇ ಉಳಿಯುತ್ತದೆ, ಹೀಗೆಂದು ಸೇರುವಾಗ ಯಾರೂ ಹೇಳುವುದಿಲ್ಲ. ನಿಮ್ಮದೇ ಒಂದು ತಟ್ಟೆ ಒಯ್ಯಿರಿ. ಸಂಜೆ ಪುಡಿ ಗುಡಿಸಿ, ಅಯಸ್ಕಾಂತ ಆಡಿಸಿ ಕಬ್ಬಿಣದ ಚೂರು ತೆಗೆದು, ಡಬ್ಬಿಗೆ ತುಂಬಿ ತೂಕ ಬರೆದಿಡಿ. ಬೆಸುಗೆ ಸೇರಿದ ಚೂರುಗಳಿಗೆ ಬೇರೆ ಡಬ್ಬಿ. ಎರಡೂ ಬೆರೆತರೆ ಕರಗಿಸಿದಾಗ ಶುದ್ಧತೆ 925ರಿಂದ ಕೆಳಗಿಳಿಯುತ್ತದೆ.

ಮೂರನೆಯ ವಾರ ತಂತಿ, ಸರ, ಜುಮುಕಿ. ತಂತಿಯ ತುದಿಯನ್ನು ಅರದಿಂದ ಮೊನೆ ಮಾಡಿ, ಜೇನುಮೇಣ ಸವರಿ, ಕಂಬಚ್ಚಿನ (ಒಂದಕ್ಕಿಂತ ಒಂದು ಸಣ್ಣ ತೂತುಗಳಿರುವ ಉಕ್ಕಿನ ಪಟ್ಟಿ) ತೂತುಗಳಲ್ಲಿ ಒಂದೊಂದಾಗಿ ಎಳೆಯಬೇಕು. ಮೂರ್ನಾಲ್ಕು ತೂತಿಗೊಮ್ಮೆ ಕಾಯಿಸಬೇಕು, ತೂತು ಹಾರಿಸಿದರೆ ತಂತಿ ತುಂಡಾಗುತ್ತದೆ. 2 ಮಿಲಿಮೀಟರ್ ತಂತಿ 1 ಮಿಲಿಮೀಟರಿಗೆ ಇಳಿದಾಗ ಉದ್ದ ನಾಲ್ಕು ಪಟ್ಟಾಗುತ್ತದೆ. ಆ ತಂತಿಯನ್ನು 4 ಮಿಲಿಮೀಟರ್ ಸಲಾಕೆಗೆ ಸುತ್ತಿ, ಕೊಯ್ದು ಕೊಂಡಿ ಮಾಡಿ 45 ಸೆಂಟಿಮೀಟರ್ ಸರ ಹೆಣೆಯಲು ಸುಮಾರು 112 ಕೊಂಡಿ, 14 ಗ್ರಾಂ ಬೆಳ್ಳಿ ಬೇಕು. ಅರ್ಧದಷ್ಟು ಕೊಂಡಿಗಳನ್ನು ಮೊದಲೇ ಬೆಸೆದಿಟ್ಟು, ಎರಡು ಮುಚ್ಚಿದ ಕೊಂಡಿಗೆ ಒಂದು ತೆರೆದದ್ದನ್ನು ಪೋಣಿಸಿ ಮೂರು ಮೂರರ ಗುಂಪು ಮಾಡಿ, ಆ ಗುಂಪುಗಳನ್ನು ಮತ್ತೆ ಸೇರಿಸುವ ಕ್ರಮ. ನೂರು ಬೆಸುಗೆ ಹಾಕಿದ ಕೈ ಬೇರೆಯದೇ ಆಗಿರುತ್ತದೆ. ಈ ಸರದ ಪಾಠವೊಂದಕ್ಕೇ ಕೋರ್ಸಿಗೆ ಸೇರಬಹುದು ಎಂದು ಧೈರ್ಯವಾಗಿ ಹೇಳುತ್ತೇನೆ.

ಜುಮುಕಿಗೆ ಅರ್ಧಗೋಳ ತಟ್ಟಬೇಕು. 10 ಮಿಲಿಮೀಟರ್ ಅರ್ಧಗೋಳಕ್ಕೆ 14 ಮಿಲಿಮೀಟರ್ ಬಿಲ್ಲೆ, ಅಂದರೆ 1.4 ಪಟ್ಟು. ಅಚ್ಚಿನ ದೊಡ್ಡ ಕುಳಿಯಿಂದ ಶುರುಮಾಡಿ ಸಣ್ಣದಕ್ಕೆ ಇಳಿಯಬೇಕು. ನೇರವಾಗಿ ಸಣ್ಣ ಕುಳಿಗೆ ಹಾಕಿ ಬಡಿದರೆ ಅಂಚು ಸುಕ್ಕಾಗುತ್ತದೆ. ಎರಡು ಅರ್ಧಗೋಳ ಸೇರಿಸಿ ಗುಂಡು ಮಾಡುವಾಗ ಒಂದರಲ್ಲಾದರೂ ತೂತಿರಲೇಬೇಕು. ಒಳಗೆ ಸಿಕ್ಕಿಕೊಂಡ ಗಾಳಿ ಅಥವಾ ಹನಿ ನೀರು ಕಾವಿಗೆ ಹಿಗ್ಗಿದರೆ ಗುಂಡು ಸಿಡಿಯುತ್ತದೆ. ಕೊಡಗಿನ ಜೋಮಾಲೆಯ ಟೊಳ್ಳು ಗುಂಡುಗಳಿಗೆ ಅರಗು ತುಂಬುವ ಪದ್ಧತಿಯನ್ನು ಇಲ್ಲೇ ವಿವರಿಸುತ್ತಾರೆ, ಮಾಡಿಸುವುದಿಲ್ಲ. ಮಾಡಿಸಿದ್ದರೆ ಈ ಕೋರ್ಸಿಗೆ ಒಂದು ತೂಕವೇ ಬೇರೆ ಬರುತ್ತಿತ್ತು.

ಕಲ್ಲು ಕೂರಿಸುವುದಕ್ಕೆ ಕೊನೆಯ ಮೂರು ದಿನ. ಸಾಲದು, ಖಂಡಿತ ಸಾಲದು. ಮೊದಲ ದಿನ ಅಂಚುಪಟ್ಟಿ, ಅಂದರೆ ಕಲ್ಲನ್ನು ಸುತ್ತಲೂ ಹಿಡಿಯುವ ಪಟ್ಟಿ, ಮಾಡುವುದು: 10 ಮಿಲಿಮೀಟರ್ ದುಂಡು ಕಲ್ಲಿಗೆ 0.3 ಮಿಲಿಮೀಟರ್ ದಪ್ಪದ ಅಪ್ಪಟ ಬೆಳ್ಳಿ ಪಟ್ಟಿ, ಉದ್ದ 32.4 ಮಿಲಿಮೀಟರ್, ಎತ್ತರ ಕಲ್ಲಿನ ಮೂರನೇ ಒಂದು ಪಾಲು. ಎರಡನೆಯ ದಿನ ಅದನ್ನು ತಗಡಿಗೆ ಬೆಸೆಯುವುದು. ಮೂರನೆಯ ದಿನ ಕಲ್ಲು. ಪಟ್ಟಿಯನ್ನು ಒಂದು ಕಡೆಯಿಂದ ಸುತ್ತುತ್ತಾ ಒತ್ತಿದರೆ ಕೊನೆಯಲ್ಲಿ ಸುಕ್ಕು ಉಳಿಯುತ್ತದೆ. ಎದುರು ಬದುರು ಒತ್ತಿ, ಆಮೇಲೆ ಅಡ್ಡಕ್ಕೆ, ಆಮೇಲೆ ನಡುವಿನ ಜಾಗಗಳಿಗೆ ಹೋಗಬೇಕು. ಇದನ್ನು ಪ್ರತಿಯೊಬ್ಬರೂ ಒಂದೇ ಕಲ್ಲಿನ ಮೇಲೆ ಒಮ್ಮೆ ಮಾಡುವಷ್ಟರಲ್ಲಿ ಕೋರ್ಸ್ ಮುಗಿಯುತ್ತದೆ. ಉಗುರಿನಂಥ ಹಿಡಿಗಳಲ್ಲಿ ಕಲ್ಲು ಕೂರಿಸುವುದು ಪಾಠಗಳ ಪಟ್ಟಿಯಲ್ಲಿದೆ, ಆದರೆ ಆಚಾರ್ರು ಮಾಡಿ ತೋರಿಸುತ್ತಾರೆ ಅಷ್ಟೇ. ಚಿನ್ನದ ತೆಳು ಹಾಳೆಯಿಂದ ಕಲ್ಲು ಬಿಗಿಯುವ ಕುಂದಣದ ಹೆಸರೇ ಇಲ್ಲ. ಮುತ್ತು, ಹವಳ, ಓಪಲ್‌ಗಳು ಬೆಂಕಿ ತಡೆಯುವುದಿಲ್ಲ, ಬೆಸುಗೆ ತೊಳೆತ ಎಲ್ಲ ಮುಗಿದ ಮೇಲೆಯೇ ಕಲ್ಲು ಎಂಬ ಎಚ್ಚರಿಕೆಯನ್ನು ಒಳ್ಳೆಯದಾಗಿ ಹೇಳುತ್ತಾರೆ. ಮೊದಲ ವಾರದ ತಾಮ್ರದ ಕೊಯ್ತವನ್ನು ಎರಡು ದಿನ ಕಡಿಮೆ ಮಾಡಿ ಇಲ್ಲಿಗೆ ಸೇರಿಸಿದರೆ ಈ ಕೊರತೆ ನೀಗುತ್ತದೆ.

ಪಾಲಿಶ್ ಕೈಯಲ್ಲೇ: 220, 400, 600, 800, 1200ರ ಎಮರಿ ಕಾಗದ ಒಂದಾದ ಮೇಲೊಂದು, ಪ್ರತಿ ಸಲ ಹಿಂದಿನ ಗೀಟಿಗೆ ಅಡ್ಡಲಾಗಿ. ಕೊನೆಗೆ ಅಂಟುವಾಳದ ನೀರಿನಲ್ಲಿ ಹಿತ್ತಾಳೆ ಬ್ರಷ್. ಅಂಟುವಾಳ, ಬಿಳಿಗಾರ, ಅರಗು ದೇವರಾಜ ಮಾರುಕಟ್ಟೆ ಕಡೆಯ ಗ್ರಂದಿಗೆ ಅಂಗಡಿಗಳಲ್ಲಿ ವಿಚಾರಿಸಿ. ಬಫಿಂಗ್ ಮಿಷನ್ ಹತ್ತಿರ ಮಾತ್ರ ಬಿಡುವುದಿಲ್ಲ. ನಿಮಿಷಕ್ಕೆ 2800 ಸುತ್ತು ತಿರುಗುವ ಚಕ್ರಕ್ಕೆ ಸರ ಸಿಕ್ಕಿಕೊಂಡರೆ ಬೆರಳೇ ಹೋಗಬಹುದು, ಆದ್ದರಿಂದ ಅವರ ಹಿಂಜರಿಕೆ ಅರ್ಥವಾಗುತ್ತದೆ. ಆದರೂ ಉಂಗುರವೊಂದನ್ನು ಪಕ್ಕದಲ್ಲಿ ನಿಂತು ಮಾಡಿಸಬಹುದಿತ್ತು. ಜಡೆ ಮೇಲಕ್ಕೆ ಕಟ್ಟಬೇಕು, ದುಪಟ್ಟಾ ಬೇಡ, ಮಿಷನ್ ಮುಂದೆ ಕೈಗವಸೂ ಬೇಡ.

ಹಾಲ್‌ಮಾರ್ಕ್ ಬಗ್ಗೆ ಅರ್ಧ ದಿನದ ಪಾಠವಿದೆ. ಚಿನ್ನಕ್ಕೆ 2021ರ ಜೂನ್‌ನಿಂದ ಹಂತಹಂತವಾಗಿ ಕಡ್ಡಾಯ, 2023ರ ಏಪ್ರಿಲ್ 1ರಿಂದ ಆರು ಅಕ್ಷರ ಅಂಕಿಗಳ ಎಚ್‌ಯುಐಡಿ (ಪ್ರತಿ ಒಡವೆಯ ಗುರುತಿನ ಸಂಖ್ಯೆ) ಇಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಮುದ್ರೆ ಒತ್ತುವುದು ಪರೀಕ್ಷಾ ಕೇಂದ್ರ, ಮಾಡಿದ ಅಕ್ಕಸಾಲಿಗರಲ್ಲ. ಕೊನೆಯಲ್ಲಿ ಕೊಡುವ ಪ್ರಮಾಣಪತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲಿ ಕೆಲಸವೂ ಇದೆ, ಸಲಕರಣೆಗೆ 15,000 ರೂಪಾಯಿ ನೆರವಿದೆ. ಆದರೆ ಅದು ಈಗಾಗಲೇ ಕಸುಬಿನಲ್ಲಿರುವವರಿಗೆ. ಈ ಪತ್ರ ತೋರಿಸಿ ಅಲ್ಲಿಗೆ ಹೋಗಬಹುದು ಎಂದುಕೊಳ್ಳಬೇಡಿ.

ಸೇರುವಾಗ ಸ್ವಂತಕ್ಕೆ ಕೊಳ್ಳಬೇಕಾದದ್ದು ಕಡಿಮೆ: ವರ್ನಿಯರ್, ಹತ್ತು ಪಟ್ಟು ಹಿಗ್ಗಿಸುವ ಲೂಪ್, ಕಣ್ಣಿಗೆ ಗಾಗಲ್, ಹತ್ತಿ ಬಟ್ಟೆಯ ಏಪ್ರನ್. ಸಿಂಥೆಟಿಕ್ ಬಟ್ಟೆ ಹಾಕಿಕೊಂಡು ಬೆಂಕಿ ಮುಂದೆ ಕೂರಬಾರದು, ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಇಕ್ಕಳ, ಅರ, ಮರದ ಕೊಡತಿ, ಉಂಗುರದ ಕೋಲು ಎಲ್ಲ ಅಲ್ಲೇ ಇವೆ. ಇಕ್ಕಳಗಳ ಒಳಮೈಯಲ್ಲಿ ಹಲ್ಲುಗಳಿದ್ದರೆ ಬದಲಾಯಿಸಿ ಕೊಡಲು ಕೇಳಿ, ಬೆಳ್ಳಿಯ ಮೇಲೆ ಬಿದ್ದ ಆ ಗುರುತನ್ನು ತೆಗೆಯಲು ಅರ್ಧ ಗಂಟೆ ಎಮರಿ ಹಿಡಿಯಬೇಕಾಗುತ್ತದೆ.

ಕಲ್ಲಿನ ಕೊರತೆಯನ್ನು ಪಿಜಿ ರೂಮಿನಲ್ಲೇ ತುಂಬಿಕೊಳ್ಳಬಹುದು. ಇದಕ್ಕೆ ಬೆಂಕಿ ಬೇಡ. ಎರಡನೆಯ ವಾರದಲ್ಲೇ ಕಾರ್ಯಾಗಾರದಲ್ಲಿ ಹತ್ತು ಹನ್ನೆರಡು ಅಂಚುಪಟ್ಟಿಗಳನ್ನು ತೆಳು ತಾಮ್ರದಲ್ಲಿ ಬೆಸೆದು ಇಟ್ಟುಕೊಳ್ಳಿ, ಆಚಾರ್ರು ಬೇಡ ಎನ್ನುವುದಿಲ್ಲ. ಅದೇ ಅಳತೆಯ ಗಾಜಿನ ಕಲ್ಲುಗಳನ್ನು ತಂದು, ಮರದ ತುಂಡಿನ ಮೇಲೆ ಅರಗು ಕರಗಿಸಿ ಪಟ್ಟಿಯನ್ನು ಅದರಲ್ಲಿ ಕೂರಿಸಿಕೊಂಡು ರೂಮಿಗೆ ಒಯ್ಯಿರಿ. ರಾತ್ರಿಗೆ ಎರಡರಂತೆ ಒತ್ತಿ ಕೂರಿಸಿ. ಕಲ್ಲಿನ ಕೆಳಗೆ ದಾರ ಹಾಕಿಟ್ಟರೆ ಒಪ್ಪದಿದ್ದಾಗ ಎಳೆದು ತೆಗೆಯಬಹುದು. ಒತ್ತುವ ಸಲಕರಣೆ ಜಾರಿದಾಗ ಅದನ್ನು ಕೊಡತಿಯಿಂದ ಮೆಲ್ಲಗೆ ತಟ್ಟಬೇಕಾಗಿ ಬರುತ್ತದೆ, ಕೆಳಗೆ ಯಾರಾದರೂ ಮಲಗಿದ್ದರೆ ಆ ಸದ್ದಿಗೆ ದೂರು ಬರುತ್ತದೆ. ನೆಲಮಹಡಿ ಕೇಳಿ ಎಂದದ್ದು ಇದಕ್ಕೇ. ಅಲ್ಲೂ ಹತ್ತು ಗಂಟೆಯೊಳಗೆ ಮುಗಿಸಿ, ಮೇಜಿನ ಕಾಲಿನ ಕೆಳಗೆ ದಪ್ಪ ಗೋಣಿ ಮಡಚಿ ಹಾಕಿ.